ಹಳೆಯ ಚೈನ್‌ಸಾ ಮತ್ತೆ ಓಡಿಸುವುದು, ಹೊಂದುವ ಬಿಡಿಭಾಗ ಹುಡುಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ ಚೈನ್‌ಸಾ ಕೈಗೆ ಬಂದಿದೆ. ಪೆಟ್ರೋಲ್ ಹಾಕಿ ಹಗ್ಗ ಎಳೆದು ನೋಡಬಹುದೇ?

ಬೇಡ. ಒಣಗಿದ ಸಿಲಿಂಡರಿನಲ್ಲಿ ತುಕ್ಕು, ಮಣ್ಣು ಏನಾದರೂ ಕೂತಿದ್ದರೆ ಉಳಿಸಬಹುದಾಗಿದ್ದ ಇಂಜಿನ್ ಆ ಮೊದಲ ಐದು ನಿಮಿಷದಲ್ಲೇ ಗೀರು ಬಿದ್ದು ಕೆಡುತ್ತದೆ. ಮೊದಲು ಟ್ಯಾಂಕಿನಲ್ಲಿರುವ ಹಳೆ ಪೆಟ್ರೋಲ್ ಸುರಿದುಬಿಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಟು-ಟಿ (ಟು-ಸ್ಟ್ರೋಕ್) ಆಯಿಲ್ ನಾಲ್ಕೈದು ಹನಿ ಬಿಟ್ಟು ಅರ್ಧ ಗಂಟೆ ಹಾಗೇ ಇಡಿ. ಆಮೇಲೆ ಹಗ್ಗವನ್ನು ನಿಧಾನಕ್ಕೆ ಎಳೆಯಿರಿ. ಸಲೀಸಾಗಿ ತಿರುಗಿದರೆ ಸೈಲೆನ್ಸರ್ ಕಳಚಿ, ಹೊಗೆ ಹೋಗುವ ಕಿಂಡಿಗೆ ಟಾರ್ಚ್ ಹಿಡಿದು ಪಿಸ್ಟನ್ನಿನ ಬದಿ ನೋಡಿ. ಸೈಲೆನ್ಸರಿಗೆ ಇರುವುದು ಎರಡೋ ಮೂರೋ ಬೋಲ್ಟ್. ಈ ಹತ್ತು ನಿಮಿಷದ ಕೆಲಸ ಮಾಡದೆ ಒಂದು ಬಿಡಿಭಾಗವನ್ನೂ ಕೊಳ್ಳಬೇಡಿ.

ಕಿಂಡಿಯಲ್ಲಿ ಏನು ಕಾಣಬೇಕು? ಪಿಸ್ಟನ್ ಮೇಲೆ ಗೆರೆಗಳಿದ್ದರೆ ಏನರ್ಥ?

ಒಳ್ಳೆಯ ಪಿಸ್ಟನ್ನಿನ ಬದಿ ಮಂಕು ಬೆಳ್ಳಿ ಬಣ್ಣಕ್ಕಿರುತ್ತದೆ, ಕಾರ್ಖಾನೆಯಲ್ಲಿ ಕಡೆದಾಗ ಉಳಿದ ಅಡ್ಡಗೆರೆಗಳು ಸಣ್ಣಗೆ ಕಾಣುತ್ತಿರುತ್ತವೆ. ಹಗ್ಗ ಎಳೆದಾಗ ರಿಂಗ್ ಕಿಂಡಿಯ ಮುಂದೆ ಹೊಳೆಯುತ್ತಾ ಹಾದುಹೋಗಬೇಕು. ರಿಂಗನ್ನು ತೆಳು ಮರದ ಕಡ್ಡಿಯಿಂದ ಒತ್ತಿದರೆ ಕೂದಲೆಳೆಯಷ್ಟು ಒಳಗೆ ಹೋಗಿ ವಾಪಸ್ ಬರಬೇಕು. ಅಲ್ಲಾಡದಿದ್ದರೆ ಅದು ಇದ್ದಿಲಿನಲ್ಲಿ ಕಚ್ಚಿಕೊಂಡಿದೆ.

ಮೇಲಿಂದ ಕೆಳಕ್ಕೆ ಉದ್ದುದ್ದ ಗೀರುಗಳಿದ್ದರೆ ಅವು ಯಾವ ಬದಿಗಿವೆ ಎಂಬುದೇ ಮುಖ್ಯ. ಸೈಲೆನ್ಸರ್ ಬದಿಗಿದ್ದರೆ ಇಂಜಿನ್ ಕಾದು ಸೀಜ್ ಆಗಿದೆ, ಅಂದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿದೆ. ಆಯಿಲ್ ಬೆರೆಸದ ಪೆಟ್ರೋಲ್ ಹಾಕಿರಬೇಕು, ಇಲ್ಲವೇ ಎಲ್ಲಿಂದಲೋ ಏರ್ ಎಳೆದು ಮಿಶ್ರಣ ಲೀನ್ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ) ಆಗಿರಬೇಕು. ಕಾರ್ಬೊರೇಟರ್ ಬದಿಗಿದ್ದರೆ ಏರ್ ಫಿಲ್ಟರ್ ದಾಟಿ ದೂಳು ಒಳಗೆ ಹೋಗಿದೆ. ಸುತ್ತಲೂ ಗೀರಿದ್ದರೆ ಹೆಚ್ಚಾಗಿ ಆಯಿಲ್ಲಿಲ್ಲದ ಪೆಟ್ರೋಲ್. ಈ ಕಾರಣ ಹುಡುಕದೆ ಹೊಸ ಪಿಸ್ಟನ್ ಕೂರಿಸಿದರೆ ಅದೂ ಅದೇ ಜಾಗದಲ್ಲಿ ಸುಡುತ್ತದೆ. ಹೊಸ ಸಿಲಿಂಡರ್-ಪಿಸ್ಟನ್ ಕಿಟ್ ಹಾಕಿದ ಎರಡನೇ ಟ್ಯಾಂಕಿಗೇ ಸೀಜ್ ಆದ ಬಹುಪಾಲು ಇಂಜಿನ್‌ಗಳ ಕತೆ ಇದೇ.

ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಎಷ್ಟಿದ್ದರೆ ಸರಿ?

120ರಿಂದ 150 ಪಿಎಸ್‌ಐ ಬಂದರೆ ಆರೋಗ್ಯವಾಗಿದೆ. 100ರ ಕೆಳಗೆ ಹೋದರೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಬಿಸಿಯಾದ ಮೇಲಂತೂ ಇನ್ನೂ ಕಷ್ಟ. ಪ್ಲಗ್ ತೂತಿಗೆ ಗೇಜ್ ಕೂರಿಸಿ ಅಳೆಯುವಾಗ ಥ್ರಾಟಲ್ ಪೂರ್ತಿ ತೆರೆದಿರಲಿ, ಡಿಕಂಪ್ರೆಷನ್ ವಾಲ್ವ್ (ಹಗ್ಗ ಸಲೀಸಾಗಿ ಎಳೆಯಲು ಒತ್ತಡ ಬಿಡುವ ಗುಂಡಿ) ಇದ್ದರೆ ಮುಚ್ಚಿರಲಿ, ಮುಳ್ಳು ಏರುವುದು ನಿಲ್ಲುವ ತನಕ ಹಗ್ಗ ಎಳೆಯಿರಿ. ಕಾರಿನ ಗೇಜ್ ಬಳಸುವವರು ಎಚ್ಚರ: ಅದರ ಒನ್-ವೇ ವಾಲ್ವ್ ಪ್ಲಗ್ ಕಡೆಯ ತುದಿಯಲ್ಲಿರದೆ ಮೀಟರಿನ ಬುಡದಲ್ಲಿದ್ದರೆ, ಪೈಪಿನೊಳಗಿನ ಜಾಗವೂ ಸೇರಿಕೊಂಡು ಈ ಪುಟ್ಟ ಸಿಲಿಂಡರಿಗೆ ತೀರಾ ಕಡಿಮೆ ಅಂಕಿ ತೋರಿಸುತ್ತದೆ. ಅದನ್ನು ನಂಬಿ ಒಳ್ಳೆಯ ಪಿಸ್ಟನ್ ಎಸೆದವರಿದ್ದಾರೆ.

ಸ್ಟಿಕ್ಕರ್ ಅಳಿಸಿಹೋಗಿದೆ. ಯಾವ ಮಾಡೆಲ್ ಎಂದು ತಿಳಿಯುವುದು ಹೇಗೆ?

ಮೇಲಿನ ಪ್ಲಾಸ್ಟಿಕ್ ಕವರನ್ನು ನಂಬಬೇಡಿ. ಅದನ್ನು ಬೇರೆ ಯಂತ್ರದಿಂದ ತಂದು ಹಾಕಿರುವುದು ಸಾಮಾನ್ಯ. ಲೋಹದ ಭಾಗಗಳ ಮೇಲಿನ ಅಂಕಿಗಳನ್ನು ಬ್ರಷ್‌ನಿಂದ ಉಜ್ಜಿ ಬರೆದುಕೊಳ್ಳಿ: ಕ್ರ್ಯಾಂಕ್‌ಕೇಸ್ (ಸಿಲಿಂಡರಿನ ಬುಡದಲ್ಲಿ ಕ್ರ್ಯಾಂಕ್ ತಿರುಗುವ ಡಬ್ಬಿ), ಸಿಲಿಂಡರ್, ಫ್ಲೈವೀಲ್. ಪ್ಲಾಸ್ಟಿಕ್ ಭಾಗಗಳ ಒಳಮೈಯಲ್ಲೂ ಅಚ್ಚಿನ ನಂಬರ್ ಇರುತ್ತದೆ.

ಸ್ಟಿಲ್ ಕಂಪನಿಯ ಬಿಡಿಭಾಗದ ನಂಬರಿನಲ್ಲಿ 11 ಅಂಕಿ, 4-3-4 ಎಂದು ಬಿಡಿಸಿ ಬರೆಯುತ್ತಾರೆ. ಮೊದಲ ನಾಲ್ಕು ಅಂಕಿ ಯಂತ್ರದ ಕುಟುಂಬ ಹೇಳುತ್ತವೆ. 1121 ಎಂದರೆ 024 ಮತ್ತು 026. 1123 ಎಂದರೆ 021, 023, 025 ಹಾಗೂ ಅವುಗಳ ನಂತರದ ಹೆಸರುಗಳಾದ ಎಂಎಸ್ 210, 230, 250. 1125 ಎಂದರೆ 034 ಮತ್ತು 036. 1128 ಎಂದರೆ 044 ಮತ್ತು 046. 1130 ಎಂದರೆ 017, 018, ಎಂಎಸ್ 170, 180. ನಡುವಿನ ಮೂರು ಅಂಕಿ ಭಾಗದ ಗುಂಪು: 120 ಇದ್ದರೆ ಕಾರ್ಬೊರೇಟರ್, 400 ಇದ್ದರೆ ಇಗ್ನಿಷನ್, 640 ಇದ್ದರೆ ಆಯಿಲ್ ಪಂಪ್. ಆದರೆ ಒಂದು ಮಾತು. ಕಂಪನಿಯೇ ಒಂದು ಕುಟುಂಬದ ಭಾಗವನ್ನು ಇನ್ನೊಂದಕ್ಕೆ ಬಳಸಿರುವುದುಂಟು. ಹಾಗಾಗಿ ಒಂದೇ ಭಾಗದ ನಂಬರ್ ನೋಡಿ ತೀರ್ಮಾನಿಸದೆ, ಎರಡು ಮೂರು ಭಾಗಗಳು ಒಂದೇ ಕುಟುಂಬ ಹೇಳುತ್ತಿವೆಯೇ ನೋಡಿ. ಹಸ್ಕ್‌ವಾರ್ನಾದ ನಂಬರಿನಲ್ಲಿ ಒಂಬತ್ತು ಅಂಕಿ. ಅಲ್ಲಿ ಹಳೆಯ ನಂಬರ್ ರದ್ದಾಗಿ ಹೊಸತು ಬಂದಿರುವುದು ಮಾಮೂಲು. ಹಳೆ ನಂಬರಿಗೆ ಏನೂ ಸಿಗದಿದ್ದರೆ ಅದರ ಬದಲಿ ನಂಬರ್ ಹುಡುಕಿ.

ಮಾಡೆಲ್ ಹೆಸರು ಸರಿಯಾಗಿಯೇ ಇದೆ, ಆದರೂ ತಂದ ಭಾಗ ಕೂರುತ್ತಿಲ್ಲ. ಯಾಕೆ?

ಹೆಸರು ಬದಲಿಸದೆ ಒಳಗಿನದನ್ನು ಬದಲಿಸುವುದು ಎಲ್ಲ ಕಂಪನಿಗಳ ರೂಢಿ. ಸ್ಟಿಲ್ 044 ತೆಗೆದುಕೊಳ್ಳಿ: ಮೊದಮೊದಲಿನವುಗಳಲ್ಲಿ ಪಿಸ್ಟನ್ ಪಿನ್ 10 ಮಿ.ಮೀ., ನಂತರದವುಗಳಲ್ಲಿ 12 ಮಿ.ಮೀ. ಸಿಲಿಂಡರ್ ಎರಡರಲ್ಲೂ 50 ಮಿ.ಮೀ. ಇರುವುದರಿಂದ ಬೋರ್ (ಸಿಲಿಂಡರಿನ ಒಳವ್ಯಾಸ) ಮಾತ್ರ ಹೇಳಿ ತಂದರೆ ಪಿನ್ ಕನೆಕ್ಟಿಂಗ್ ರಾಡಿಗೆ ಹೊಂದುವುದಿಲ್ಲ. ಹಸ್ಕ್‌ವಾರ್ನಾ 372ರಲ್ಲಿ ಹಳೆಯ ಮಾದರಿಯ ಸಿಲಿಂಡರ್ ಬೇರೆ, ಎಕ್ಸ್-ಟಾರ್ಕ್ ಸಿಲಿಂಡರ್ ಬೇರೆ.

ಆದ್ದರಿಂದ ಸಿಲಿಂಡರ್ ಕಿಟ್ ಕೊಳ್ಳುವ ಮುಂಚೆ ಇಂಜಿನ್ ಬಿಚ್ಚಿ ವರ್ನಿಯರ್‌ನಿಂದ ಅಳೆಯಿರಿ: ಬೋರ್, ಪಿನ್ನಿನ ದಪ್ಪ, ಪಿನ್ನಿನ ನಡುವಿನಿಂದ ಪಿಸ್ಟನ್ ತಲೆಯವರೆಗಿನ ಎತ್ತರ, ರಿಂಗಿನ ದಪ್ಪ, ರಿಂಗ್‌ಗಳ ಸಂಖ್ಯೆ. ಸಿಲಿಂಡರ್ ಬುಡದ ಬೋಲ್ಟ್ ತೂತುಗಳ ಅಂತರವನ್ನೂ ಬರೆದಿಡಿ. ಹೆಸರಿಗೂ ಅಳತೆಗೂ ತಾಳೆಯಾಗದಿದ್ದರೆ ಅಳತೆಯ ಮಾತು ಕೇಳಿ.

ಕಂಪನಿಯೇ ಮುಚ್ಚಿಹೋಗಿದೆ, ಅಥವಾ ಈಗ ಆ ಹೆಸರಿನಲ್ಲಿ ಚೈನ್‌ಸಾ ಬರುತ್ತಿಲ್ಲ. ಬಿಡಿಭಾಗ ಎಲ್ಲಿ?

ಅದರ ಅಣ್ಣತಮ್ಮಂದಿರನ್ನು ಹುಡುಕಿ. ಯೋನ್ಸೆರೆಡ್ ಮತ್ತು ಹಸ್ಕ್‌ವಾರ್ನಾ ಒಂದೇ ಒಡೆತನಕ್ಕೆ ಬಂದ ಮೇಲೆ ಅನೇಕ ಯಂತ್ರಗಳು ಬಣ್ಣ ಮಾತ್ರ ಬೇರೆ ಇದ್ದು ಒಳಗೆ ಒಂದೇ: ಯೋನ್ಸೆರೆಡ್ 2165ಕ್ಕೆ ಹಸ್ಕ್‌ವಾರ್ನಾ 365, 2172ಕ್ಕೆ 372. ಡೊಲ್ಮಾರನ್ನು ಮಕಿಟಾ 1991ರಲ್ಲಿ ಕೊಂಡಿತು. ಡೊಲ್ಮಾರ್ ಪಿಎಸ್-6400 ಮತ್ತು 7900ಕ್ಕೆ ಮಕಿಟಾ ಡಿಸಿಎಸ್ 6401 ಮತ್ತು 7901ರ ಭಾಗಗಳು ಬರುತ್ತವೆ. ಅಂಗಡಿ ಸರಣಿಗಳು ತಮ್ಮ ಹೆಸರು ಹಾಕಿ ಮಾರಿದ ಯಂತ್ರಗಳೂ ಇವೆ. ಕ್ರಾಫ್ಟ್ಸ್‌ಮನ್ ಯಂತ್ರದ ಮಾಡೆಲ್ ನಂಬರ್ 358ರಿಂದ ಶುರುವಾದರೆ ಅದು ಪೂಲಾನ್ ತಯಾರಿಕೆ.

ಮೆಕಲಕ್, ಹೋಮ್‌ಲೈಟ್‌ಗಳ ಹಳೆಯ ಮಾಡೆಲ್‌ಗಳಿಗೆ ಹೊಸ ಭಾಗ ತಯಾರಾಗುವುದು ವಿರಳ. ಮಾರಾಟವಾಗದೆ ಉಳಿದ ಹಳೇ ಸ್ಟಾಕ್ ಹುಡುಕಬೇಕು, ಇಲ್ಲವೇ ಅದೇ ಮಾಡೆಲ್ಲಿನ ಕೆಟ್ಟ ಯಂತ್ರ ಇನ್ನೊಂದನ್ನು ಕೊಂಡು ಎರಡರಿಂದ ಒಂದು ಮಾಡಬೇಕು. ನಮ್ಮ ಅಭಿಪ್ರಾಯದಲ್ಲಿ ಎರಡನೆಯದೇ ಲೇಸು, ಏಕೆಂದರೆ ಹಿಡಿಕೆ, ಟ್ಯಾಂಕ್, ಕವರುಗಳಂಥ ಎಲ್ಲೂ ಸಿಗದ ಭಾಗಗಳೂ ಒಟ್ಟಿಗೆ ಬರುತ್ತವೆ.

ಎಲ್ಲವನ್ನೂ ಚೈನ್‌ಸಾ ಭಾಗವೆಂದೇ ಹುಡುಕಬೇಕಾಗಿಲ್ಲ. ಕ್ರ್ಯಾಂಕ್ ಬೇರಿಂಗ್ ಎಷ್ಟೋ ಯಂತ್ರಗಳಲ್ಲಿ 6202ರಂಥ ಸಾಮಾನ್ಯ ಅಳತೆಯದು. ಹೊರ ರಿಂಗಿನ ಮೇಲೆ ನಂಬರ್ ಕೊರೆದಿರುತ್ತದೆ, ಜೊತೆಗಿರುವ ಸಿ3, ಸಿ4 ಎಂಬ ಗುರುತನ್ನೂ ತಪ್ಪದೆ ಬರೆದುಕೊಳ್ಳಿ. ಕಾದಾಗ ಹಿಗ್ಗಲು ಬಿಟ್ಟ ಸಡಿಲ ಅದು. ಪಂಜರ ಪ್ಲಾಸ್ಟಿಕ್ಕೋ ಲೋಹವೋ ನೋಡಿ, ಮೊದಲಿದ್ದಂಥದ್ದೇ ತನ್ನಿ. ಆಯಿಲ್ ಸೀಲ್ ಕೇಳುವಾಗ ಒಳವ್ಯಾಸ, ಹೊರವ್ಯಾಸ, ದಪ್ಪ ಮೂರನ್ನೂ ಹೇಳಿ. ಸ್ಟಾರ್ಟರ್ ಹಗ್ಗ, ಪೆಟ್ರೋಲ್ ಪೈಪ್, ಟ್ಯಾಂಕಿನೊಳಗಿನ ಫಿಲ್ಟರ್ ಅಳತೆಗೆ ಹೊಂದಿದರೆ ಯಾವ ಕಂಪನಿಯದಾದರೂ ನಡೆಯುತ್ತದೆ. ಅಚ್ಚಿನಲ್ಲಿ ಆಕಾರ ಕೊಟ್ಟ ಪೈಪುಗಳು ಮಾತ್ರ ಆಯಾ ಮಾಡೆಲ್ಲಿನದೇ ಆಗಬೇಕು.

ಕಾರ್ಬೊರೇಟರ್ ಹೊಸತು ತರಬೇಕೇ, ಕಿಟ್ (ಒಳಗಿನ ಪೊರೆ, ಗ್ಯಾಸ್ಕೆಟ್‌ಗಳ ಸೆಟ್) ಸಾಕೇ?

ಬಹುತೇಕ ಕಿಟ್ ಸಾಕು. ಹಳೆಯ ಅಸಲಿ ಕಾರ್ಬೊರೇಟರನ್ನು ತೊಳೆದು ಕಿಟ್ ಹಾಕಿದ್ದು ಅಗ್ಗದ ಹೊಸ ನಕಲಿಗಿಂತ ಚೆನ್ನಾಗಿ ಟ್ಯೂನ್ ಆಗುತ್ತದೆ. ಕಿಟ್ ಹುಡುಕಬೇಕಾದದ್ದು ಚೈನ್‌ಸಾ ಹೆಸರಿನಿಂದಲ್ಲ, ಕಾರ್ಬೊರೇಟರಿನ ಮೈಮೇಲಿನ ಗುರುತಿನಿಂದ. ವಾಲ್‌ಬ್ರೊ ಆದರೆ ಡಬ್ಲ್ಯುಟಿ, ಎಚ್‌ಡಿಎ. ಝಾಮಾ ಆದರೆ ಸಿ1ಕ್ಯೂ. ಟಿಲ್ಲಟ್ಸನ್ ಆದರೆ ಎಚ್‌ಎಸ್, ಎಚ್‌ಕೆ ಎಂದು ಶುರುವಾಗುವ ಸಂಕೇತವಿರುತ್ತದೆ. ಒಂದೇ ಮಾಡೆಲ್ ಯಂತ್ರಕ್ಕೆ ಎರಡು ಕಂಪನಿಯ ಕಾರ್ಬೊರೇಟರ್ ಬಂದಿರುವುದು ಸಾಮಾನ್ಯ.

ಬಿಚ್ಚುವಾಗ ಒಂದೊಂದು ಪದರಕ್ಕೂ ಫೋಟೊ ತೆಗೆಯಿರಿ. ವಾಲ್‌ಬ್ರೊ ಡಬ್ಲ್ಯುಟಿಯಲ್ಲಿ ಮೀಟರಿಂಗ್ ಬದಿಗೆ (ಪೆಟ್ರೋಲ್ ಅಳೆದು ಬಿಡುವ ಬದಿ) ಮೊದಲು ಗ್ಯಾಸ್ಕೆಟ್, ಮೇಲೆ ಡಯಾಫ್ರಮ್ (ತೆಳು ಪೊರೆ). ಪಂಪ್ ಬದಿಗೆ ಇದು ತಿರುವುಮುರುವು: ಮೊದಲು ಡಯಾಫ್ರಮ್, ಮೇಲೆ ಗ್ಯಾಸ್ಕೆಟ್. ಇದನ್ನು ಅದಲುಬದಲು ಮಾಡಿದರೆ ಪೆಟ್ರೋಲ್ ಏರುವುದೇ ಇಲ್ಲ, ಅಥವಾ ತುಂಬಿ ಹರಿಯುತ್ತದೆ. ಹಳೆಯ ಡಯಾಫ್ರಮನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಮೆಲ್ಲಗೆ ಒತ್ತಿ. ಸದ್ದಿಲ್ಲದೆ ಬಾಗಬೇಕು. ಒಣಗಿದ ಎಲೆಯಂತೆ ಚರಚರ ಎಂದರೆ ಅದರ ಆಯುಷ್ಯ ಮುಗಿದಿದೆ. ಜೆಟ್ ತೂತಿಗೆ ತಂತಿ ಹಾಕಬೇಡಿ, ತೂತು ದೊಡ್ಡದಾದರೆ ಸರಿಪಡಿಸಲಾಗದು. ಡಯಾಫ್ರಮ್, ಸೂಜಿ ಎಲ್ಲ ತೆಗೆದಿಟ್ಟ ಮೇಲೆ ಕಾರ್ಬ್ ಕ್ಲೀನರ್ ಸ್ಪ್ರೇ ಮಾತ್ರ ಬಳಸಿ.

ಏರ್ ಎಳೆಯುತ್ತಿದೆಯೋ ಇಲ್ಲವೋ ಎಂದು ಪರೀಕ್ಷಿಸುವುದು ಹೇಗೆ?

ಈ ಪರೀಕ್ಷೆ ಒಂದನ್ನು ದಯವಿಟ್ಟು ಬಿಡಬೇಡಿ. ಟು-ಸ್ಟ್ರೋಕ್ ಇಂಜಿನ್ನಿನ ಕ್ರ್ಯಾಂಕ್‌ಕೇಸ್ ಗಾಳಿಯಾಡದ ಡಬ್ಬಿಯಂತಿರಬೇಕು. ಪಿಸ್ಟನ್ ಮೇಲೆ ಹೋದಾಗ ಅದು ಉಸಿರು ಎಳೆಯುತ್ತದೆ. ಸೀಲಿನಲ್ಲಿ ಸೀಳಿದ್ದರೆ ಅಲ್ಲಿಂದ ಬರಿ ಗಾಳಿ ಒಳಗೆ ಬಂದು ಪೆಟ್ರೋಲ್-ಆಯಿಲ್ ಪಾಲು ಇಳಿಯುತ್ತದೆ, ಪಿಸ್ಟನ್ ಸುಡುತ್ತದೆ.

ಸೈಲೆನ್ಸರ್ ಕಿಂಡಿಯನ್ನು ರಬ್ಬರ್ ಹಾಳೆಯಿಂದ ಮುಚ್ಚಿ ಬಿಗಿಯಿರಿ. ಇನ್‌ಟೇಕ್ ಬಾಯಿಯನ್ನು ತಟ್ಟೆ ಕೊಟ್ಟು ಮುಚ್ಚಿ, ಪ್ಲಗ್ ಹಾಕಿ, ಇಂಪಲ್ಸ್ ಪೈಪಿಗೆ (ಕ್ರ್ಯಾಂಕ್‌ಕೇಸಿನ ಒತ್ತಡವನ್ನು ಕಾರ್ಬೊರೇಟರಿಗೆ ಒಯ್ಯುವ ಪೈಪ್) ಗೇಜ್ ಇರುವ ಕೈಪಂಪ್ ಜೋಡಿಸಿ. ಮೊದಲು 0.5 ಬಾರ್ ಒತ್ತಡ ಕೊಡಿ: 20 ಸೆಕೆಂಡು ನಿಲ್ಲಬೇಕು. ಇಳಿದರೆ ಸೋಪಿನ ನೀರು ಹಚ್ಚಿ, ಗುಳ್ಳೆ ಎಲ್ಲಿ ಏಳುತ್ತದೆ ನೋಡಿ. ಆಮೇಲೆ 0.5 ಬಾರ್ ವ್ಯಾಕ್ಯೂಮ್ ಎಳೆಯಿರಿ: 20 ಸೆಕೆಂಡಿನಲ್ಲಿ ಅದು 0.3ಕ್ಕಿಂತ ಕೆಳಗೆ ಇಳಿಯಬಾರದು. ಎರಡೂ ಪರೀಕ್ಷೆ ಬೇಕು. ಆಯಿಲ್ ಸೀಲಿನ ತುಟಿ ಒಳಗಿನ ಒತ್ತಡಕ್ಕೆ ಶಾಫ್ಟನ್ನು ಅಪ್ಪಿಕೊಂಡು, ವ್ಯಾಕ್ಯೂಮಿಗೆ ಬಿಟ್ಟುಕೊಡುವುದುಂಟು. ಪರೀಕ್ಷೆ ನಡೆಯುವಾಗ ಕ್ರ್ಯಾಂಕ್ ನಿಧಾನಕ್ಕೆ ತಿರುಗಿಸುತ್ತಾ ಇರಿ.

ಸೋರುವ ಜಾಗಗಳು ಸಾಮಾನ್ಯವಾಗಿ ಇವೇ: ಕ್ಲಚ್ ಬದಿಯ ಸೀಲ್, ಫ್ಲೈವೀಲ್ ಬದಿಯ ಸೀಲ್, ಸಿಲಿಂಡರ್ ಬುಡದ ಗ್ಯಾಸ್ಕೆಟ್, ಕಾರ್ಬೊರೇಟರಿಗೂ ಸಿಲಿಂಡರಿಗೂ ನಡುವಿನ ರಬ್ಬರ್ ಕಂಠ, ಇಂಪಲ್ಸ್ ಪೈಪ್. ರಬ್ಬರನ್ನು ಬಿಚ್ಚಿ ಹಿಗ್ಗಿಸಿ ನೋಡಬೇಕು, ಮಡಿಕೆಯೊಳಗಿನ ಬಿರುಕು ಸುಮ್ಮನಿದ್ದಾಗ ಕಾಣುವುದಿಲ್ಲ.

ಸಿಲಿಂಡರ್ ಗೋಡೆಗೆ ಪಿಸ್ಟನ್ನಿನ ಅಲ್ಯೂಮಿನಿಯಂ ಮೆತ್ತಿಕೊಂಡಿದೆ. ಸಿಲಿಂಡರ್ ಬದಲಿಸಬೇಕೇ?

ಅನೇಕ ಸಲ ಬೇಕಿಲ್ಲ. ಗೋಡೆಯ ಕ್ರೋಮ್ ಅಥವಾ ನಿಕಲ್ ಲೇಪನ ಬಹಳ ಗಟ್ಟಿ. ಗೀರಿನಂತೆ ಕಾಣುವುದು ಎಷ್ಟೋ ಸಲ ಮೇಲೆ ಅಂಟಿದ ಅಲ್ಯೂಮಿನಿಯಂ ಅಷ್ಟೇ. 320 ನಂಬರಿನ ಎಮರಿ ಹಾಳೆಯಿಂದ ಓರೆಯಾಗಿ ಉಜ್ಜಿದರೆ ತೆಳು ಮೆತ್ತನೆ ಹೋಗುತ್ತದೆ. ದಪ್ಪಗಿದ್ದರೆ ಕಾಸ್ಟಿಕ್ ಸೋಡಾ ದ್ರಾವಣವನ್ನು ಹತ್ತಿಕಡ್ಡಿಯಿಂದ ಆ ಜಾಗಕ್ಕೆ ಮಾತ್ರ ಮುಟ್ಟಿಸಿ. ಗುಳ್ಳೆ ಏಳುವುದು ನಿಂತ ಕೂಡಲೇ ಒರೆಸಿ, ಮತ್ತೆ ಮುಟ್ಟಿಸಿ, ಕೊನೆಗೆ ನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿ ಆಯಿಲ್ ಸವರಿ. ಸಿಲಿಂಡರಿನ ಮೈಯೂ ಅಲ್ಯೂಮಿನಿಯಮ್ಮೇ ಆದ್ದರಿಂದ ಲೇಪನವಿಲ್ಲದ ಕಿಂಡಿಗಳ ಒಳಗೆ ಒಂದು ಹನಿಯೂ ಇಳಿಯಬಾರದು. ಕೆಲವರು ಹೈಡ್ರೋಕ್ಲೋರಿಕ್ ಆ್ಯಸಿಡ್ ಬಳಸುತ್ತಾರೆ. ಅದು ಕ್ರೋಮನ್ನೂ ತಿನ್ನುವುದರಿಂದ ನಾವು ಹೇಳುವುದಿಲ್ಲ. ಯಾವುದೇ ಆದರೂ ಸಿಲಿಂಡರನ್ನು ಇಂಜಿನ್ನಿನಿಂದ ಬಿಚ್ಚಿ, ಬಯಲಿನಲ್ಲಿ, ಕೈಗವಸು-ಕನ್ನಡಕ ಹಾಕಿಕೊಂಡು ಮಾಡಿ. ಏಳುವ ಗುಳ್ಳೆ ಹೈಡ್ರೋಜನ್, ಹತ್ತಿರ ಬೆಂಕಿ ಇರಬಾರದು.

ಎಲ್ಲ ಮುಗಿದ ಮೇಲೆ ಉಗುರು ಆಡಿಸಿ. ಎಲ್ಲೂ ತಡೆಯದಿದ್ದರೆ ಹೊಸ ಪಿಸ್ಟನ್, ರಿಂಗ್ ಸಾಕು. ಉಗುರು ಸಿಕ್ಕಿಕೊಂಡರೆ, ಲೇಪನ ಎದ್ದು ಕೆಳಗಿನ ಮೆತು ಲೋಹ ಕಂಡರೆ ಸಿಲಿಂಡರ್ ಬದಲಿಸಲೇಬೇಕು.

ಪಿಸ್ಟನ್ ಕೂರಿಸುವಾಗ ಎಡವುವುದು ಎಲ್ಲಿ?

ತಲೆಯ ಮೇಲಿನ ಬಾಣ ಸೈಲೆನ್ಸರ್ ಕಡೆಗಿರಬೇಕು. ರಿಂಗಿನ ಎರಡು ತುದಿಗಳು ರಿಂಗ್ ಕೂರುವ ತೋಡಿನೊಳಗಿನ ಪುಟ್ಟ ಪಿನ್ನಿನ ಎಡಬಲಕ್ಕೆ ಬರಬೇಕು. ಪಿನ್ನಿನ ಮೇಲೆ ಏರಿ ಕೂತ ರಿಂಗನ್ನು ಬಲವಂತದಿಂದ ಸಿಲಿಂಡರಿಗೆ ತೂರಿಸಿದರೆ ರಿಂಗ್ ಮುರಿಯುತ್ತದೆ. ಪಿನ್ ಲಾಕ್ (ಪಿಸ್ಟನ್ ಪಿನ್ ಜಾರದಂತೆ ಹಿಡಿಯುವ ತಂತಿ) ಯಾವಾಗಲೂ ಹೊಸದು, ಅದರ ಬಾಯಿ ನೇರ ಮೇಲಕ್ಕೋ ಕೆಳಕ್ಕೋ ಇರಲಿ. ಲಾಕ್ ಹಾಕುವಾಗ ಕ್ರ್ಯಾಂಕ್‌ಕೇಸ್ ಬಾಯಿಗೆ ಬಟ್ಟೆ ತುರುಕಿಡಿ.

ಕಂಪನಿಯದಲ್ಲದ ಸಿಲಿಂಡರ್ ಕಿಟ್ ಹಾಕಬಹುದೇ?

ಹಾಕಬಹುದು, ನೋಡಿ ಹಾಕಬೇಕು. ಕಿಂಡಿಗಳ ಅಂಚಿಗೆ ಬೆರಳು ಸವರಿ: ಚೂಪಾಗಿದ್ದರೆ ರಿಂಗ್ ಅಲ್ಲಿ ಸಿಕ್ಕಿ ಮುರಿಯುತ್ತದೆ. ನುಣುಪು ಎಮರಿಯಿಂದ ಆ ಅಂಚನ್ನು ಕೂದಲೆಳೆಯಷ್ಟು ಮೊಂಡಾಗಿಸಿ, ಪೂರ್ತಿ ತೊಳೆಯಿರಿ. ಲೇಪನ ಎಲ್ಲಾದರೂ ಚಕ್ಕೆ ಎದ್ದಿದ್ದರೆ ವಾಪಸ್ ಕೊಡಿ. ಕಿಟ್‌ನಲ್ಲಿ ಬಂದ ಪಿನ್ ಲಾಕ್‌ಗಳನ್ನು ಪಕ್ಕಕ್ಕಿಟ್ಟು ಅಸಲಿ ಲಾಕ್ ಹಾಕುವುದು ಒಳ್ಳೆಯದು. ಆ ಸಣ್ಣ ತಂತಿ ಒಂದು ಕಳಚಿದರೆ ಇಡೀ ಸಿಲಿಂಡರ್ ಹೋಗುತ್ತದೆ. ಆಯಿಲ್ ಸೀಲ್, ಇಗ್ನಿಷನ್ ಕಾಯಿಲ್, ಚೈನ್ ಬ್ರೇಕ್ ಪಟ್ಟಿ ಈ ಮೂರಕ್ಕೆ ಅಸಲಿ ಸಿಗುವಾಗ ನಕಲಿಗೆ ಹೋಗಬೇಡಿ.

ಕ್ಲಚ್ ಬಿಚ್ಚಲು ಬರುತ್ತಿಲ್ಲ.

ಹೆಚ್ಚಿನ ಯಂತ್ರಗಳಲ್ಲಿ ಕ್ಲಚ್‌ನದು ಎಡ ಥ್ರೆಡ್. ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ಕ್ಲಚ್ ಮೇಲೆ ಬಾಣವಿದ್ದರೆ ನೋಡಿಕೊಳ್ಳಿ. ಇಂಜಿನ್ ತಿರುಗದಂತೆ ತಡೆಯಲು ಪ್ಲಗ್ ತೂತಿನಿಂದ ಸ್ಟಾರ್ಟರ್ ಹಗ್ಗದ ತುಂಡು ತುಂಬಿ. ಅದಕ್ಕೆ ಮುಂಚೆ ಪಿಸ್ಟನ್ ಹೊಗೆಕಿಂಡಿಯನ್ನು ಮುಚ್ಚುವಷ್ಟು ಮೇಲೆ ಬಂದಿರಲಿ, ಇಲ್ಲದಿದ್ದರೆ ಹಗ್ಗ ಕಿಂಡಿಯೊಳಗೆ ಸಿಕ್ಕಿ ಕತ್ತರಿಸುತ್ತದೆ. ಸ್ಕ್ರೂಡ್ರೈವರ್ ತುರುಕಿ ಫ್ಲೈವೀಲ್ ರೆಕ್ಕೆ ತಡೆದರೆ ರೆಕ್ಕೆ ಮುರಿಯುತ್ತದೆ.

ಕಿಡಿ ಬರುತ್ತಿಲ್ಲ. ಕಾಯಿಲ್ ಹೋಗಿದೆಯೇ?

ಮೊದಲು ಸ್ವಿಚ್‌ನಿಂದ ಕಾಯಿಲಿಗೆ ಬರುವ ವೈರ್ ಕಳಚಿ ನೋಡಿ. ಆ ವೈರಿನ ಸಿಪ್ಪೆ ಸುಲಿದು ಮೈಗೆ ತಾಗಿದ್ದರೆ ಕಾಯಿಲ್ ಚೆನ್ನಾಗಿದ್ದರೂ ಕಿಡಿ ಬರುವುದಿಲ್ಲ. ಆಮೇಲೆ ಹೊಸ ಪ್ಲಗ್, ಗ್ಯಾಪ್ 0.5 ಮಿ.ಮೀ. ಕಾಯಿಲಿಗೂ ಫ್ಲೈವೀಲ್ ಮ್ಯಾಗ್ನೆಟ್ಟಿಗೂ ನಡುವೆ 0.2ರಿಂದ 0.3 ಮಿ.ಮೀ. ಇರಬೇಕು, ಗಟ್ಟಿ ವಿಸಿಟಿಂಗ್ ಕಾರ್ಡ್ ಇಟ್ಟು ಬಿಗಿದರೆ ಹತ್ತಿರಕ್ಕೆ ಬರುತ್ತದೆ. ಕಿಡಿ ಇದ್ದೂ ಹಗ್ಗ ಕೈಗೆ ಒದೆಯುತ್ತಿದ್ದರೆ ಫ್ಲೈವೀಲ್ ಕೀ ತುಂಡಾಗಿ ಟೈಮಿಂಗ್ ಸರಿದಿರುತ್ತದೆ. ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿಯುವ ಲೋಹದ ಸಂಪರ್ಕ) ಇರುವ ತೀರಾ ಹಳೆಯ ಯಂತ್ರದಲ್ಲಿ ಪಾಯಿಂಟನ್ನು ನುಣುಪಾಗಿ ಉಜ್ಜಿ, ಗ್ಯಾಪ್ ಸುಮಾರು 0.4 ಮಿ.ಮೀ.ಗೆ ಇಡಿ.

ಬಾರ್ (ಚೈನ್ ಓಡುವ ಉದ್ದ ಪಟ್ಟಿ) ಮತ್ತು ಚೈನ್ ಹೊಂದಿಸುವುದು ಹೇಗೆ?

ಚೈನಿಗೆ ಮೂರು ಅಳತೆ: ಪಿಚ್, ಗೇಜ್, ಡ್ರೈವ್ ಲಿಂಕ್ ಸಂಖ್ಯೆ. ಸಾಲಾಗಿ ಮೂರು ರಿವೆಟ್‌ಗಳ ಮೊದಲನೆಯದರಿಂದ ಮೂರನೆಯದರವರೆಗೆ ಅಳೆದು ಎರಡರಿಂದ ಭಾಗಿಸಿದರೆ ಪಿಚ್: .325, 3/8 ಅಥವಾ .404 ಇಂಚು. ಬಾರಿನ ತೋಡಿನಲ್ಲಿ ಓಡುವ ಹಲ್ಲಿನ (ಡ್ರೈವ್ ಲಿಂಕ್) ದಪ್ಪ ಗೇಜ್: 1.1, 1.3, 1.5 ಅಥವಾ 1.6 ಮಿ.ಮೀ. ಲಿಂಕ್‌ಗಳನ್ನು ಒಂದೊಂದಾಗಿ ಎಣಿಸಿ, ಬಾರ್ ಉದ್ದ ಒಂದೇ ಇದ್ದರೂ ಲಿಂಕ್ ಸಂಖ್ಯೆ ಬೇರೆಯಾಗುತ್ತದೆ. ಪಿಚ್ ಬದಲಿಸಿದರೆ ಸ್ಪ್ರಾಕೆಟ್ಟೂ ಬದಲಾಗಬೇಕು. ಸ್ಪ್ರಾಕೆಟ್ ಮೇಲೆ 0.5 ಮಿ.ಮೀ.ಗಿಂತ ಆಳದ ತೇಯ್ತ ಇದ್ದರೆ ಹೊಸ ಚೈನ್ ಹಾಕುವ ಮುಂಚೆ ಅದನ್ನು ಬದಲಿಸಿ.

ಬಾರಿನ ಹಿಂತುದಿಯ ಆಕಾರಕ್ಕೂ ಸಂಕೇತವಿದೆ. ಓರೆಗಾನ್ ಲೆಕ್ಕದಲ್ಲಿ ದೊಡ್ಡ ಸ್ಟಿಲ್‌ಗಳಿಗೆ ಡಿ025, ಸಣ್ಣವಕ್ಕೆ ಎ074, ದೊಡ್ಡ ಹಸ್ಕ್‌ವಾರ್ನಾಗಳಿಗೆ ಡಿ009, ಸಣ್ಣವಕ್ಕೆ ಕೆ095. ಬಾರ್ ಬೋಲ್ಟಿಗೆ ಕೂತರೆ ಸಾಲದು, ಆಯಿಲ್ ತೂತು ಪಂಪಿನ ತೂತಿಗೆ ಎದುರಾಗಿದೆಯೇ ನೋಡಿ.

ಚೈನ್ ಹರಿತ ಮಾಡುವ ಅರದ ದಪ್ಪ: ಲೋ-ಪ್ರೊಫೈಲ್ 3/8ಕ್ಕೆ 4.0 ಮಿ.ಮೀ., .325ಕ್ಕೆ 4.8, ದೊಡ್ಡ 3/8ಕ್ಕೆ 5.2 ಅಥವಾ 5.5, .404ಕ್ಕೆ 5.5.

ಪೆಟ್ರೋಲಿಗೆ ಆಯಿಲ್ ಎಷ್ಟು?

50:1 ಎಂದರೆ ಲೀಟರಿಗೆ 20 ಮಿ.ಲೀ.; 25:1 ಎಂದರೆ 40 ಮಿ.ಲೀ. ಗುಣಮಟ್ಟದ ಟು-ಸ್ಟ್ರೋಕ್ ಆಯಿಲ್ ಬಳಸಿ. ಬೆರೆಸಿ ತಿಂಗಳು ದಾಟಿದ್ದನ್ನು ಹಾಕಬೇಡಿ.

ಟ್ಯೂನಿಂಗ್ ಎಲ್ಲಿಂದ ಶುರು ಮಾಡಲಿ?

ಏರ್ ಫಿಲ್ಟರ್ ಶುಚಿಯಾಗಿರಲಿ, ಬಾರ್-ಚೈನ್ ಹಾಕಿರಲಿ. ಕಾರ್ಬೊರೇಟರಿನ ಎಚ್ (ಹೆಚ್ಚು ವೇಗದ) ಮತ್ತು ಎಲ್ (ಕಡಿಮೆ ವೇಗದ) ಸ್ಕ್ರೂಗಳನ್ನು ಮೆಲ್ಲಗೆ ಕೊನೆಮುಟ್ಟ ತಿರುಗಿಸಿ, ತಲಾ ಒಂದು ಸುತ್ತು ಹಿಂದಕ್ಕೆ ತನ್ನಿ. ಇಂಜಿನ್ ಬಿಸಿಯಾದ ಮೇಲೆ ಎಲ್ ತಿರುಗಿಸಿ ಐಡಲ್ (ಥ್ರಾಟಲ್ ಒತ್ತದಾಗಿನ ವೇಗ) ಅತಿ ಹೆಚ್ಚಾಗುವ ಬಿಂದು ಹುಡುಕಿ, ಅಲ್ಲಿಂದ ಚೂರು ತೆರೆಯಿರಿ. ಮೂರನೇ ಸ್ಕ್ರೂನಿಂದ ಐಡಲ್ ಇಳಿಸಿ. ಚೈನ್ ನಿಂತಿರಬೇಕು, ಇಂಜಿನ್ ಓಡುತ್ತಿರಬೇಕು. ಕೊನೆಗೆ ಎಚ್. ಪೂರ್ತಿ ಥ್ರಾಟಲಿನಲ್ಲಿ ಮರವಿಲ್ಲದೆ ಓಡಿಸಿದಾಗ ಸದ್ದು ಸ್ವಲ್ಪ ಒಡೆದು ಗೊಗ್ಗರಾಗಿ ಕೇಳಬೇಕು, ಮರಕ್ಕೆ ಇಟ್ಟ ಕೂಡಲೇ ನುಣುಪಾಗಬೇಕು. ಮರವಿಲ್ಲದಾಗಲೂ ಕೀಚಲು ಸ್ವರದಲ್ಲಿ ಕೂಗಿದರೆ ಲೀನ್ ಇದೆ, ತಕ್ಷಣ ಎಚ್ ತೆರೆಯಿರಿ. ಟ್ಯಾಕೋಮೀಟರ್ ಇದ್ದರೆ ಆ ಮಾಡೆಲ್ಲಿನ ಗರಿಷ್ಠ ಸುತ್ತಿಗೆ ಹೊಂದಿಸಿ. ಹೊಸ ಪಿಸ್ಟನ್ ಹಾಕಿದ ಮೊದಲ ಮೂರು ಟ್ಯಾಂಕ್ ಮರವಿಲ್ಲದೆ ಜೋರಾಗಿ ಓಡಿಸಬೇಡಿ.

ಹೇಗೆ ತಿರುಗಿಸಿದರೂ ಐಡಲ್ ನಿಲ್ಲದೆ ಏರಿಳಿಯುತ್ತಿದ್ದರೆ ಸ್ಕ್ರೂ ಬಿಟ್ಟು ಮತ್ತೆ ಪ್ರೆಷರ್ ಪರೀಕ್ಷೆಗೆ ಹೋಗಿ.

ಮರಕ್ಕೆ ಇಡುವ ಮುಂಚೆ ಇನ್ನೇನು ನೋಡಬೇಕು?

ಚೈನ್ ಬ್ರೇಕ್ ಒತ್ತಿದಾಗ ಓಡುವ ಚೈನ್ ತಟ್ಟನೆ ನಿಲ್ಲಬೇಕು. ತೇದ ಬ್ರೇಕ್ ಪಟ್ಟಿ, ಮುರಿದ ಚೈನ್ ಕ್ಯಾಚರ್ (ಕಡಿದ ಚೈನ್ ಹಿಡಿಯುವ ಕೊಂಡಿ), ಸಡಿಲವಾದ ಥ್ರಾಟಲ್ ಲಾಕ್ ಇದ್ದರೆ ಅವು ಸಿಗುವ ತನಕ ಯಂತ್ರ ಹಾಗೇ ಇರಲಿ. ತೀರಾ ಹಳೆಯ ಮಾಡೆಲ್‌ಗಳಿಗೆ ಚೈನ್ ಬ್ರೇಕೇ ಇರುವುದಿಲ್ಲ. ಅಂಥವನ್ನು ಸರಿಪಡಿಸಿ ಇಟ್ಟುಕೊಳ್ಳಿ, ದಿನದ ಕೆಲಸಕ್ಕೆ ಬೇಡ.

ಆಯಿಲ್ ಪಂಪ್ ನೋಡಲು ಬಾರಿನ ತುದಿಯನ್ನು ತಿಳಿಬಣ್ಣದ ರಟ್ಟಿನ ಮೇಲೆ ಒಂದು ಗೇಣು ಎತ್ತರದಲ್ಲಿ ಹಿಡಿದು ಮುಕ್ಕಾಲು ಥ್ರಾಟಲ್ ಕೊಡಿ. ಹತ್ತು ಸೆಕೆಂಡಿನೊಳಗೆ ರಟ್ಟಿನ ಮೇಲೆ ಆಯಿಲ್ ಗೆರೆ ಮೂಡಬೇಕು. ಮೂಡದಿದ್ದರೆ ಬಾರಿನ ತೂತು, ಟ್ಯಾಂಕಿನೊಳಗಿನ ಜಾಳಿಗೆ, ಪಂಪ್ ತಿರುಗಿಸುವ ಪ್ಲಾಸ್ಟಿಕ್ ಗೇರ್, ಈ ಕ್ರಮದಲ್ಲಿ ನೋಡುತ್ತಾ ಹೋಗಿ. ಹೆಚ್ಚಿನ ಸಲ ಮೊದಲನೆಯದರಲ್ಲೇ ಹೊಟ್ಟು ಕಟ್ಟಿಕೊಂಡಿರುತ್ತದೆ.